ಇಟಾಲಿಯನ್ ನುಡಿಯ ರುಚಿವಾಚಕಗಳು

ಇಟಲಿ ದೇಶದ ಟಸ್ಕನಿ ಪ್ರಾಂತದಲ್ಲಿ ನಿತ್ಯದ ರೊಟ್ಟಿಗೆ ಉಪ್ಪು ಹಾಕುವ ವಾಡಿಕೆಯಿಲ್ಲ. ಫ್ಲಾರೆನ್ಸ್ ನಗರಕ್ಕೆ ಹೊಸದಾಗಿ ಬಂದ ಯಾತ್ರಿಕನು ಮೊದಲ ತುತ್ತಿಗೇ ಮುಖವನ್ನು ಸಪ್ಪಗೆ ಮಾಡಿಕೊಂಡು, ರೊಟ್ಟಿ ಸುಟ್ಟವನು ಉಪ್ಪನ್ನು ಮರೆತನೆಂದೇ ಭಾವಿಸುತ್ತಾನೆ. ಅದು ಮರೆವಲ್ಲ; ಶತಮಾನಗಳಿಂದ ನಡೆದುಬಂದ ಪದ್ಧತಿ. 2016ರಲ್ಲಿ ಯೂರೋಪಿನ ಒಕ್ಕೂಟವು ಈ ರೊಟ್ಟಿಯ ಹೆಸರಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಾಗ ಲವಣರಾಹಿತ್ಯವೂ ಅದರ ಲಕ್ಷಣಗಳಲ್ಲಿ ಒಂದಾಗಿ ಸೇರಿತು. ಹನ್ನೆರಡನೆಯ ಶತಮಾನದಲ್ಲಿ ಕಡಲ ಕಡೆಯ ಪೀಸಾ ನಗರದವರು ವೈರದಿಂದ ಉಪ್ಪಿನ ಸಾಗಾಟವನ್ನು ತಡೆದರೆಂದೂ, ಫ್ಲಾರೆನ್ಸಿನವರು ಛಲ ಹಿಡಿದು ಉಪ್ಪಿಲ್ಲದ ರೊಟ್ಟಿಯನ್ನೇ ತಿನ್ನತೊಡಗಿದರೆಂದೂ ಅಲ್ಲಿ ಹೇಳುವರು. ಕಥೆ ಸೊಗಸಾಗಿದೆ; ಆದರೆ ಇದನ್ನು ಐತಿಹ್ಯವೆಂದೇ ಎಣಿಸತಕ್ಕದ್ದು.

ಈ ರೊಟ್ಟಿಗೆ ಆ ಪ್ರಾಂತದವರು ಕೊಡುವ ವಿಶೇಷಣ 'ಶೊಕ್ಕೊ' ಎಂಬುದು. ಉಪ್ಪಿಲ್ಲದ್ದು, ಸಪ್ಪೆಯಾದದ್ದು ಎಂದು ಅದರ ಅರ್ಥ. ಇದೇ ಶಬ್ದಕ್ಕೆ ಇಟಲಿಯಲ್ಲೆಲ್ಲ ರೂಢವಾಗಿರುವ ಮತ್ತೊಂದು ಅರ್ಥ 'ಮೂಢ' ಎಂದು. ರಸವಿಲ್ಲದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದು ಬಂದಿರಬೇಕೆಂದು ಅನೇಕ ನಿರುಕ್ತಕಾರರ ಮತ. ರಸ ಹೋದ ವಸ್ತು ಸಪ್ಪೆ, ರಸ ಹೋದ ಮನುಷ್ಯ ಮೂಢ. ಬುದ್ಧಿವಂತನನ್ನು ಕುರಿತು ಇಟಾಲಿಯನ್ನರು 'ಅವನ ತ್ಸುಕ್ಕದಲ್ಲಿ ಉಪ್ಪಿದೆ' ಎನ್ನುತ್ತಾರೆ. 'ತ್ಸುಕ್ಕ' ಎಂದರೆ ಕುಂಬಳ, ಸೋರೆ ಮೊದಲಾದ ಕಾಯಿ, ಪರಿಹಾಸದಲ್ಲಿ ತಲೆ. ಒಣಗಿದ ಸೋರೆಯ ಚಿಪ್ಪಿನಲ್ಲಿ ರೈತರು ಉಪ್ಪನ್ನು ತುಂಬಿಡುತ್ತಿದ್ದುದರಿಂದ ಈ ಮಾತು ಹುಟ್ಟಿತೆಂದು ಹೇಳುವುದುಂಟು. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಸೋರೆಯದೂ ಬುರುಡೆಯೇ, ತಲೆಯದೂ ಬುರುಡೆಯೇ.

ಈ ಎರಡು ಮಾತುಗಳ ಹಿಂದೆ ಒಂದೇ ಭಾವನೆ ಕೆಲಸ ಮಾಡುತ್ತಿದೆ: ಅರಿವೆಂಬುದು ಒಂದು ಬಗೆಯ ರುಚಿ. ಇಟಾಲಿಯನ್ನಿನಲ್ಲಿ ಇದು ಕೇವಲ ಆಲಂಕಾರಿಕವಾದ ಮಾತಲ್ಲ, ಭಾಷೆಯ ಬುಡದಲ್ಲಿಯೇ ಇರುವ ಸಂಗತಿ. ಲ್ಯಾಟಿನ್ನಿನ 'ಸಪೇರೆ' ಎಂಬ ಧಾತುವಿಗೆ ರುಚಿಸು, ರುಚಿಯುಳ್ಳದ್ದಾಗಿರು ಎಂದು ಮೊದಲ ಅರ್ಥ. ವಿವೇಕಿಯಾಗಿರು ಎಂಬುದು ಅಲ್ಲಿಂದ ಬೆಳೆದ ಅರ್ಥ. ತಿಳಿ ಎನ್ನುವುದಕ್ಕೆ ಲ್ಯಾಟಿನ್ನರಿಗೆ 'ಸ್ಕೀರೆ' ಎಂಬ ಬೇರೆ ಧಾತುವಿದ್ದಿತು. ಕಾಲಾಂತರದಲ್ಲಿ ಜನರ ಬಾಯಲ್ಲಿ ಅದು ಬಿದ್ದುಹೋಗಿ, ನಾಲಗೆಯ ಕ್ರಿಯಾಪದವೇ ಅರಿವಿನ ಪಟ್ಟಕ್ಕೆ ಏರಿತು. ಇಂದಿಗೂ ಇಟಾಲಿಯನ್ನನು 'ನನಗೆ ಗೊತ್ತು' ಎನ್ನಬೇಕಾದರೆ ಇದೇ ಧಾತು. 'ಈ ಸಾರು ಬೆಳ್ಳುಳ್ಳಿಯ ರುಚಿ ಕೊಡುತ್ತದೆ' ಎನ್ನಬೇಕಾದರೂ ಇದೇ ಧಾತು. ಫ್ರೆಂಚರು ಇದೇ ಮೂಲದ ತಮ್ಮ ಧಾತುವನ್ನು ಅರಿವಿಗೆ ಮಾತ್ರ ಮೀಸಲಿಟ್ಟು ನಾಲಗೆಯನ್ನು ಬಿಟ್ಟರು. ಸ್ಪೇನಿನವರು ಇಟಲಿಯವರಂತೆ ಎರಡನ್ನೂ ಉಳಿಸಿಕೊಂಡರು. ರುಚಿಗೆ ಇಟಾಲಿಯನ್ನಿನಲ್ಲಿ 'ಸಪೋರೆ', ಜ್ಞಾನಿಗೆ 'ಸಾವ್ಯೊ', ಸಪ್ಪೆಗೆ 'ಇನ್ಸೀಪಿದೊ': ಎಲ್ಲವೂ ಒಂದೇ ಬೇರಿನ ಚಿಗುರುಗಳು. ಯಾವ ರುಚಿಯೂ ಇಲ್ಲದ ಪದಾರ್ಥವನ್ನು 'ಇದು ಏನನ್ನೂ ಅರಿಯದು' ಎಂದು ಅಕ್ಷರಶಃ ಕನ್ನಡಿಸಬಹುದಾದ ಮಾತಿನಿಂದ ಅವರು ತೆಗೆದುಹಾಕುತ್ತಾರೆ. ಸತ್ತ್ವವಿಲ್ಲದ ಮನುಷ್ಯನಿಗೂ ಆ ಮಾತೇ ಸಲ್ಲುತ್ತದೆ.

ಈ ಧಾತುವಿನ ಬಲವನ್ನು ದಾಂತೆ ಮಹಾಕವಿಯಷ್ಟು ಚೆನ್ನಾಗಿ ಅನುಭವಿಸಿದವರು ವಿರಳ. 1302ರಲ್ಲಿ ಅವನ ವಿರೋಧಪಕ್ಷದವರು ಫ್ಲಾರೆನ್ಸಿನ ಅಧಿಕಾರವನ್ನು ಹಿಡಿದು ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿದರು; ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ಕೈಗೆ ಸಿಕ್ಕಿದರೆ ಜೀವಸಹಿತ ಸುಡಬೇಕೆಂದು ತೀರ್ಪು ಕೊಟ್ಟರು. 1321ರಲ್ಲಿ ರಾವೆನ್ನಾ ನಗರದಲ್ಲಿ ಸಾಯುವವರೆಗೆ ಅವನು ಹುಟ್ಟಿದೂರನ್ನು ಮತ್ತೆ ಕಾಣಲಿಲ್ಲ. ಅವನ ಮಹಾಕಾವ್ಯದ 'ಪರದೀಸೊ' ಎಂಬ ಸ್ವರ್ಗಭಾಗದ ಹದಿನೇಳನೆಯ ಸರ್ಗದಲ್ಲಿ, ಅವನ ಮುತ್ತಜ್ಜನ ತಂದೆಯಾದ ಕಾಚ್ಚಾಗ್ವೀದನು ಮುಂದೆ ಬರಲಿರುವ ವನವಾಸವನ್ನು ಕವಿಗೆ ಮುಂದಾಗಿ ತಿಳಿಸುತ್ತಾನೆ. ಅಲ್ಲಿ ಕತ್ತಿಯ ಮಾತಿಲ್ಲ, ಸೆರೆಯ ಮಾತಿಲ್ಲ. ಪರರ ಮನೆಯ ರೊಟ್ಟಿ ಹೇಗೆ ಉಪ್ಪಿನ ರುಚಿ ಕೊಡುವುದೆಂಬುದನ್ನು ನೀನು ಕಂಡುಕೊಳ್ಳುವೆ ಎಂದೂ, ಪರರ ಮನೆಯ ಮೆಟ್ಟಿಲನ್ನು ಹತ್ತಿ ಇಳಿಯುವುದು ಎಷ್ಟು ಕಷ್ಟವೆಂಬುದನ್ನು ಅರಿಯುವೆ ಎಂದೂ ಆ ಹಿರಿಯನು ಹೇಳುತ್ತಾನೆ. ಉಪ್ಪೆಂದರೆ ಇಲ್ಲಿ ಕಹಿ, ಕಣ್ಣೀರು ಎಂದು ಕೆಲವು ವ್ಯಾಖ್ಯಾನಕಾರರು ಅರ್ಥ ಮಾಡುವರು. ಅದು ತಪ್ಪಲ್ಲ. ಆದರೆ ಉಪ್ಪಿಲ್ಲದ ರೊಟ್ಟಿಯ ನಾಡಿನಿಂದ ಹೊರಬಿದ್ದವನಿಗೆ ವೆರೋನಾದ ರೊಟ್ಟಿಯೂ ರಾವೆನ್ನಾದ ರೊಟ್ಟಿಯೂ ನಿಜವಾಗಿಯೇ ಉಪ್ಪಾಗಿ ತೋರಿರಬೇಕೆಂಬ ನೇರವಾದ ಅರ್ಥವನ್ನು ಬಿಡಲು ಯಾವ ಕಾರಣವೂ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಆ ನಾಲಗೆಗೆ, ಇದು ನಿನ್ನ ಮನೆಯಲ್ಲ ಎಂಬುದು ನೆನಪಾಗುತ್ತಿದ್ದಿತು. ಇಲ್ಲಿ ಕವಿ ಬಳಸಿರುವ ಕ್ರಿಯಾಪದ ಅದೇ 'ಸಪೇರೆ'. ಅದೇ ಕಾವ್ಯದ ಶುದ್ಧಿಲೋಕದಲ್ಲಿ ಸಿಯೆನಾ ನಗರದ ಸಪೀಯ ಎಂಬ ಸ್ತ್ರೀ, ತನ್ನ ಹೆಸರು ಜ್ಞಾನವನ್ನು ಸೂಚಿಸಿದರೂ ತಾನು ಜ್ಞಾನಿಯಾಗಿರಲಿಲ್ಲವೆಂದು ಹೇಳಿಕೊಳ್ಳುವುದೂ ಈ ಧಾತುವಿನ ಮೇಲಿನ ಶ್ಲೇಷೆಯೇ.

ಉಪ್ಪನ್ನು ಬುದ್ಧಿಗೆ ಹೋಲಿಸಿದುದು ರೋಮನರ ಕಾಲದಿಂದ ಬಂದ ಪರಿಪಾಠ. ನಮ್ಮ ಸಂಸ್ಕೃತದವರು ಅದೇ ಲವಣವನ್ನು ಹಿಡಿದು ಬೇರೊಂದು ದಾರಿಯಲ್ಲಿ ಹೋಗಿ 'ಲಾವಣ್ಯ'ವನ್ನು ಕಂಡರು. ಒಬ್ಬರಿಗೆ ಉಪ್ಪು ಮಾತಿನಲ್ಲಿ ಹೊಳೆಯಿತು, ಮತ್ತೊಬ್ಬರಿಗೆ ಮೈಯಲ್ಲಿ ಹೊಳೆಯಿತು. ಇಂದಿನ ಇಟಾಲಿಯನ್ನರಿಗೆ ಅದು ಅಂಗಡಿಯಲ್ಲಿಯೂ ಕಾಣುತ್ತದೆ. ಬೆಲೆ ಮೀರಿದ ಪಟ್ಟಿಯನ್ನು ಅವರು 'ಉಪ್ಪಾದ ಲೆಕ್ಕ' ಎನ್ನುವರು.

ಇನ್ನು ಹುಳಿಯ ವಿಷಯ. ಇಟಾಲಿಯನ್ನಿನ ಸಂಪತ್ತು ನಿಜವಾಗಿ ತೋರುವುದು ಇಲ್ಲಿಯೇ. ನಿಂಬೆಯ ಹುಳಿ 'ಆಗ್ರೊ'. ನಾಲಗೆಯನ್ನು ಒರಟಾಗಿ ಕೆರೆಯುವ ಹುಳಿ 'ಆಸ್ಪ್ರೊ'. ಒರಟು ಬೆಟ್ಟಕ್ಕೂ ಕಠಿನವಾದ ಚಳಿಗಾಲಕ್ಕೂ ಇದೇ ವಿಶೇಷಣ. ಹಣ್ಣಾಗದ ಕಾಯಿಯ ಹುಳಿ-ಒಗರು 'ಅಚೇರ್ಬೊ'. ಅಕಾಲಮರಣಕ್ಕೂ ಇದು ಸಲ್ಲುವುದು, ಕಾಯಿಯಲ್ಲೇ ಕಿತ್ತುದಲ್ಲವೆ! ದ್ರಾಕ್ಷಾಮದ್ಯದ ಮೊನಚಾದ ಹುಳಿ 'ಬ್ರುಸ್ಕೊ'. ಮುಖ ಮುರಿದಂತೆ ಮಾತಾಡುವವನ ನಡತೆಗೂ ಅದೇ ಹೆಸರು, ಮತ್ತು ಆ ಅರ್ಥದಲ್ಲಿಯೇ ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಹೋಯಿತು. ಬಲಿಯದ ದ್ರಾಕ್ಷಿಯನ್ನು ಹಿಂಡಿ ತೆಗೆದ ರಸಕ್ಕೆ 'ಅಗ್ರೆಸ್ತೊ' ಎಂದು ಹೆಸರು. ಹಳೆಯ ಅಡಿಗೆಯವರಿಗೆ ಅದು ನಮ್ಮ ಹುಣಿಸೆಯಂತೆ ಅನಿವಾರ್ಯವಾಗಿದ್ದಿತು. ಹುಳಿಸಿಹಿಗಳ ಸಂಯೋಗಕ್ಕೆ 'ಅಗ್ರೊದೋಲ್ಚೆ' ಎಂಬ ಸಮಸ್ತಪದವುಂಟು. ವ್ಯಾಕರಣ ಬಲ್ಲವರು ಇದನ್ನು ದ್ವಂದ್ವವೆನ್ನಲೂ ಕರ್ಮಧಾರಯವೆನ್ನಲೂ ಅವಕಾಶವಿದೆ. ಹದಿನೈದನೆಯ ಶತಮಾನದ ಮಧ್ಯದಲ್ಲಿ ಪಾಕಶಾಸ್ತ್ರವನ್ನು ಬರೆದ ಮಾರ್ತೀನೊ ಎಂಬ ಪ್ರಸಿದ್ಧ ಬಾಣಸಿಗನು, ವ್ಯಂಜನವನ್ನು ಸಿಹಿ ಮಾಡಬೇಕೋ ಹುಳಿ ಮಾಡಬೇಕೋ ಎಂಬುದನ್ನು ಯಜಮಾನನ 'ಗುಸ್ತೊ'ವಿಗೆ ಬಿಡುತ್ತಾನೆ. ಆ ಕಾಲದಲ್ಲಿ 'ಸವೋರೆ' ಎಂದರೆ ರುಚಿ ಮಾತ್ರವಲ್ಲ, ಮೇಲೆ ಹೊಯ್ಯುವ ಗೊಜ್ಜು ಸಹ. ಗುಣವಾಚಕವೇ ದ್ರವ್ಯವಾಚಕವಾದ ಈ ಬಗೆಯನ್ನು ನಮ್ಮ ಮನೆಗಳ 'ಹುಳಿ'ಯಲ್ಲಿಯೂ ಕಾಣಬಹುದು.

ಇಂಥ ಶಬ್ದಗಳಿಗೆ ಪ್ರಮಾಣ ಯಾವುದು? ಬಾಯಿಯೋ, ಗ್ರಂಥವೋ? ಈ ಪ್ರಶ್ನೆ ಇಟಲಿಯಲ್ಲಿ ಬಹುಕಾಲ ಉರಿಯಿತು. 1583ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ರೂಪುಗೊಂಡ ಪಂಡಿತಸಭೆಯೊಂದು ತನ್ನನ್ನು 'ಕ್ರುಸ್ಕ', ಎಂದರೆ ತವುಡು, ಎಂದು ಕರೆದುಕೊಂಡಿತು. ಹಿಟ್ಟಿನಿಂದ ತವುಡನ್ನು ಬೇರ್ಪಡಿಸುವಂತೆ ಭಾಷೆಯನ್ನು ಜರಡಿ ಹಿಡಿಯುವುದು ಅವರ ಸಂಕಲ್ಪ. ಹಿಟ್ಟು ಜಾಲಿಸುವ ಯಂತ್ರವೇ ಅವರ ಲಾಂಛನ. ಸದಸ್ಯರಿಗೆ ಬಿರುದುಗಳೂ ಅಂಥವೇ. ಮುಖಂಡನಾದ ಸಾಲ್ವ್ಯಾತಿಗೆ 'ಹಿಟ್ಟು ಮೆತ್ತಿಕೊಂಡವನು' ಎಂದು ಹೆಸರು. ಅಡಿಗೆಮನೆಯಿಂದ ಇಷ್ಟೊಂದು ಸಾಮಗ್ರಿಯನ್ನು ಎರವಲು ತಂದ ಈ ಪಂಡಿತರು 1612ರಲ್ಲಿ ಪ್ರಕಟಿಸಿದ ಮಹಾನಿಘಂಟಿನಲ್ಲಿ ಪ್ರಾಮಾಣ್ಯವನ್ನು ಮಾತ್ರ ಅಡಿಗೆಮನೆಗೆ ಕೊಡಲಿಲ್ಲ. ಹದಿನಾಲ್ಕನೆಯ ಶತಮಾನದ ಫ್ಲಾರೆನ್ಸಿನ ಗ್ರಂಥಕರ್ತರು ಬರೆದದ್ದೇ ಮುಖ್ಯ ಪ್ರಮಾಣ. ಸಿಸಿಲಿಯ ಬಾಣಸಿಗನೂ ನೇಪಲ್ಸಿನ ಗೃಹಿಣಿಯೂ ದಿನವೂ ಆಡುವ ಮಾತು ಅವರ ಜರಡಿಯಲ್ಲಿ ತವುಡಾಯಿತು. ಮಾತು ಬದುಕಿದ್ದರೂ ಉದಾಹರಣೆ ಬೇಕೆಂಬ ಈ ನಿರ್ಬಂಧ ಎಂಥ ವಿಪರೀತಕ್ಕೆ ಎಳೆಯಿತೆಂದರೆ, ವೈದ್ಯನೂ ಕವಿಯೂ ಸಭೆಯ ಪ್ರಮುಖನೂ ಆಗಿದ್ದ ಫ್ರಾಂಚೆಸ್ಕೊ ರೇದಿ, 1691ರ ಮೂರನೆಯ ಮುದ್ರಣಕ್ಕಾಗಿ ಇಲ್ಲದ ಹಳೆಯ ಹಸ್ತಪ್ರತಿಗಳಿಂದ ಉದಾಹರಣೆಗಳನ್ನು ತಾನೇ ಕಲ್ಪಿಸಿ ಸೇರಿಸಿದನು! ಟಸ್ಕನಿಯ ಮದ್ಯಗಳ ರುಚಿಯನ್ನು ಹಾಡಿ 1685ರಲ್ಲಿ ಕಾವ್ಯವನ್ನು ಪ್ರಕಟಿಸಿದವನು ಈತನೇ. ನಾಲಗೆಯ ವಿಷಯದಲ್ಲಿ ಸುಳ್ಳಾಡದವನು ಗ್ರಂಥದ ವಿಷಯದಲ್ಲಿ ಆಡಿದನು.

ಇದೇ ಶತಮಾನದಲ್ಲಿ ಗೆಲಿಲಿಯೋ ಎತ್ತಿದ ಮಾತು ಇನ್ನೂ ಆಳವಾದುದು. 1623ರಲ್ಲಿ ರೋಮಿನಲ್ಲಿ ಪ್ರಕಟವಾದ ಅವನ ಗ್ರಂಥದ ಹೆಸರು 'ಇಲ್ ಸಜ್ಜತೋರೆ'. ಚಿನ್ನದ ಗುಣವನ್ನು ಒರೆಹಚ್ಚಿ ತೂಗುವವನು ಎಂದು ಅರ್ಥ. ರುಚಿ ನೋಡು ಎಂಬರ್ಥದ 'ಅಸ್ಸಜ್ಜಾರೆ' ಎಂಬ ಇಟಾಲಿಯನ್ ಧಾತು ಇದರ ಸೋದರ. ಎರಡಕ್ಕೂ ತೂಕ ಎಂಬರ್ಥದ ಲ್ಯಾಟಿನ್ ಪದವೇ ಮೂಲ. ಈ ಗ್ರಂಥದಲ್ಲಿ ಆತನು, ರುಚಿ, ಗಂಧ, ವರ್ಣ ಮೊದಲಾದವು ವಸ್ತುವಿನಲ್ಲಿ ನೆಲೆಸಿರುವ ಗುಣಗಳಲ್ಲ, ಬರಿಯ ಹೆಸರುಗಳು, ಸವಿಯುವ ಪ್ರಾಣಿಯನ್ನು ತೆಗೆದುಬಿಟ್ಟರೆ ಅವೂ ಇಲ್ಲವಾಗುವುವು ಎಂದು ವಾದಿಸಿದನು. ನಮ್ಮ ತಾರ್ಕಿಕರು ಇದಕ್ಕೆ ಒಪ್ಪುವವರಲ್ಲ. ಅವರ ಮತದಲ್ಲಿ ರಸವು ಪೃಥಿವಿಯಲ್ಲಿಯೂ ಜಲದಲ್ಲಿಯೂ ಇರತಕ್ಕ ಗುಣ. ರಸನೇಂದ್ರಿಯವು ಅದನ್ನು ಗ್ರಹಿಸುವುದೇ ಹೊರತು ಹುಟ್ಟಿಸುವುದಿಲ್ಲ. ಈ ವಿವಾದದಲ್ಲಿ ಇಟಾಲಿಯನ್ ಭಾಷೆ ಗೆಲಿಲಿಯೋವಿನ ಪಕ್ಷವನ್ನೂ ಪೂರ್ತಿಯಾಗಿ ಹಿಡಿಯದೆ ಇಬ್ಬರಿಗೂ ಒಂದೊಂದು ಪದ ಕೊಟ್ಟಿತು. ವಸ್ತುವಿನಲ್ಲಿರುವುದು 'ಸಪೋರೆ', ಸವಿಯುವವನಲ್ಲಿರುವುದು 'ಗುಸ್ತೊ'.

ಈ 'ಗುಸ್ತೊ' ನಾಲಗೆಯಿಂದ ಕಾವ್ಯಕ್ಕೆ ಏರಿದುದೂ ಇಟಲಿಯಲ್ಲಿ ಬೇಗನೆ ನಡೆದ ಸಂಗತಿ. ಅರಿಯೊಸ್ತೊ ಕವಿಯ ಮಹಾಕಾವ್ಯದ ಮೂವತ್ತೈದನೆಯ ಸರ್ಗದಲ್ಲಿ, ಆಗಸ್ಟಸ್ ಚಕ್ರವರ್ತಿ ವರ್ಜಿಲನು ಹೊಗಳಿದಷ್ಟು ಸತ್ಪುರುಷನಾಗಿರದಿದ್ದರೂ, ಕವಿತೆಯಲ್ಲಿ ಒಳ್ಳೆಯ 'ಗುಸ್ತೊ' ಇದ್ದುದರಿಂದ ಅವನ ಅನ್ಯಾಯದ ದಂಡನೆಗಳಿಗೆ ಕ್ಷಮೆ ದೊರೆಯಿತೆಂಬ ವಕ್ರೋಕ್ತಿ ಬರುತ್ತದೆ. ಕವಿಗಳನ್ನು ಸಾಕಿದ ದೊರೆಗೆ ಕೊಲೆಯೂ ಮಾಫಿ ಎಂಬ ಈ ಚುಚ್ಚುಮಾತು ಪ್ರಕಟವಾದುದು 1532ರೊಳಗೆ. 1708ರಲ್ಲಿ ಮುರಾತೋರಿ ಎಂಬ ಚರಿತ್ರಕಾರನು ಗುಪ್ತನಾಮದಿಂದ 'ಬುವೊನ್ ಗುಸ್ತೊ'ವಿನ ಮೇಲೆ ಒಂದು ಪ್ರಬಂಧವನ್ನೇ ಬರೆದನು. ಭರತಮುನಿಯೂ ನಾಟ್ಯರಸವನ್ನು ವಿವರಿಸುವಾಗ ವ್ಯಂಜನ, ಓಷಧಿ, ಬೆಲ್ಲಗಳಿಂದಾದ ಪಾನಕದ ದೃಷ್ಟಾಂತವನ್ನು ಎತ್ತಿಕೊಂಡನೆಂಬುದು ವಾಚಕರಿಗೆ ವಿದಿತವೇ ಇದೆ. ಆದರೆ ಎರಡನ್ನೂ ಒಂದೆಂದು ಹೇಳುವ ಆತುರ ಬೇಡ. ಭರತನ ರಸ 'ಸಪೋರೆ'ಗೆ ಹತ್ತಿರ. ಇಟಾಲಿಯನ್ನರ 'ಗುಸ್ತೊ' ನಮ್ಮ ರುಚಿ ಎಂಬ ಶಬ್ದಕ್ಕೂ, ಇನ್ನೂ ಮೇಲೆ ಹೋದರೆ ಸಹೃದಯತ್ವಕ್ಕೂ ಹತ್ತಿರ.

ಶಬ್ದಗಳ ನಂಟಿನ ಮಾತು ಬಂದುದರಿಂದ ಫಿಲಿಪ್ಪೊ ಸಸ್ಸೆತ್ತಿಯನ್ನು ಇಲ್ಲಿ ನೆನೆಯಬೇಕು. ಆತನು ಫ್ಲಾರೆನ್ಸಿನ ವಿದ್ವತ್ಸಭೆಗಳಲ್ಲಿ ಬೆಳೆದವನು. ಮೆಣಸಿನ ವ್ಯಾಪಾರಕ್ಕಾಗಿ 1583ರಲ್ಲಿ ಭಾರತಕ್ಕೆ ಬಂದು, ಕೊಚ್ಚಿ ಗೋವೆಗಳಲ್ಲಿ ವಾಸವಾಗಿದ್ದು, 1588ರಲ್ಲಿ ಗೋವೆಯಲ್ಲಿಯೇ ತೀರಿಕೊಂಡನು. ಊರಿಗೆ ಬರೆದ ಕಾಗದಗಳಲ್ಲಿ ಆತನು ಸಂಸ್ಕೃತವನ್ನು ಪ್ರಸ್ತಾಪಿಸಿ, ಆರು, ಏಳು, ಎಂಟು, ಒಂಬತ್ತು ಎಂಬ ಸಂಖ್ಯೆಗಳಲ್ಲಿಯೂ ದೇವ, ಸರ್ಪ ಎಂಬ ಶಬ್ದಗಳಲ್ಲಿಯೂ ತನ್ನ ಭಾಷೆಗೆ ಇರುವ ಸಾಮ್ಯವನ್ನು ಎತ್ತಿ ತೋರಿಸಿದನು. ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸಕ್ಕೆ ಇದು ಇನ್ನೂರು ವರ್ಷ ಹಿಂದಿನದು. ರುಚಿಗೆ ಸಂಬಂಧಿಸಿದ ಒಂದು ಜೋಡಿಯನ್ನೂ ಇದಕ್ಕೆ ಕೂಡಿಸಬಹುದು. ಸಂಸ್ಕೃತದ 'ಸ್ವಾದು', ಲ್ಯಾಟಿನ್ನಿನ 'ಸುವಾವಿಸ್', ಇಟಾಲಿಯನ್ನಿನ 'ಸೊಆವೆ' ಮೂರೂ ಒಂದೇ ಮೂಲದವು. ಆದರೆ ನಮ್ಮ ಸ್ವಾದು ನಾಲಗೆಯನ್ನು ಬಿಡಲಿಲ್ಲ. ಅವರ 'ಸೊಆವೆ' ಬಹುಮಟ್ಟಿಗೆ ಅದನ್ನು ಬಿಟ್ಟು ಕಿವಿಗೂ ಮನಸ್ಸಿಗೂ ಹೋಯಿತು. ಮೃದುವಾದ ದನಿ, ಸೌಮ್ಯವಾದ ನಗೆ, ಇವು ಈಗ 'ಸೊಆವೆ'. ಖಾರಕ್ಕೆ ಇಟಾಲಿಯನ್ನರಲ್ಲಿ ನಾಲಗೆಯ ಸ್ವಂತ ಪದವಿಲ್ಲ. 'ಪಿಕ್ಕಾಂತೆ', ಎಂದರೆ ಚುಚ್ಚುವುದು, ಎಂದು ಸ್ಪರ್ಶದಿಂದ ಎರವಲು ಪಡೆದರು. ಅಮೆರಿಕದಿಂದ ಹೊಸ ಕಾಯಿ ಬಂದಾಗ ಕರಿಮೆಣಸಿನ 'ಪೇಪೆ' ಎಂಬ ಹೆಸರನ್ನೇ ಬೆಳೆಸಿ 'ಪೆಪೆರೊಂಚೀನೊ' ಎಂದರು. ಮೆಣಸಿನಿಂದ ಮೆಣಸಿನಕಾಯಿಯನ್ನು ಮಾಡಿಕೊಂಡ ಕನ್ನಡಿಗರೂ ಅದೇ ಉಪಾಯವನ್ನು ಹೂಡಿದವರು.

1861ರಲ್ಲಿ ಇಟಲಿ ಒಂದು ರಾಜ್ಯವಾಯಿತು. ರಾಜ್ಯ ಒಂದಾದರೂ ಮಾತು ಒಂದಾಗಿರಲಿಲ್ಲ. ಆ ವರ್ಷ ಇಟಾಲಿಯನ್ ಆಡಬಲ್ಲವರು ನೂರಕ್ಕೆ 2.5 ಮಂದಿ ಎಂದು ದೆ ಮೌರೊ ಎಂಬ ವಿದ್ವಾಂಸನ ಗಣನೆ. ಹತ್ತರ ಸಮೀಪ ಎಂದು ಕಸ್ತೆಲ್ಲಾನಿಯ ಗಣನೆ. ಯಾವುದನ್ನು ಹಿಡಿದರೂ, ಮಿಲಾನಿನ ಗೃಹಿಣಿ ಪಲೇರ್ಮೊ ನಗರದ ಗೃಹಿಣಿಗೆ ಒಂದು ಪಲ್ಯದ ಕ್ರಮವನ್ನು ಹೇಳಿಕೊಡಲಾರದ ಸ್ಥಿತಿ. ಈ ಕೊರತೆಯನ್ನು ತುಂಬಿದವನು ಪಂಡಿತನಲ್ಲ, ಬಾಣಸಿಗನೂ ಅಲ್ಲ. ರೇಷ್ಮೆಯ ವ್ಯಾಪಾರದಿಂದ ನಿವೃತ್ತನಾದ ಒಬ್ಬ ಬ್ರಹ್ಮಚಾರಿ, ಪೆಲ್ಲೆಗ್ರೀನೊ ಅರ್ತೂಸಿ. ಆತನು 1820ರಲ್ಲಿ ರೊಮಾನ್ಯ ಪ್ರಾಂತದ ಫೊರ್ಲಿಂಪೋಪೊಲಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. 1851ರ ಜನವರಿಯಲ್ಲಿ 'ಪಸ್ಸತೋರೆ' ಎಂಬ ಕುಖ್ಯಾತ ದರೋಡೆಗಾರನ ಗುಂಪು ಊರಿನ ನಾಟಕಶಾಲೆಯನ್ನು ಮುತ್ತಿ, ಮನೆಗಳನ್ನು ಸುಲಿಯಿತು. ಆ ರಾತ್ರಿಯ ಭಯದಿಂದ ಅರ್ತೂಸಿಯ ತಂಗಿಯೊಬ್ಬಳಿಗೆ ಬುದ್ಧಿಭ್ರಮಣೆಯಾಯಿತು. ಕುಟುಂಬವು ಊರನ್ನು ಬಿಟ್ಟು ಫ್ಲಾರೆನ್ಸಿಗೆ ಬಂದು ನೆಲೆಸಿತು. ದಾಂತೆಯನ್ನು ಹೊರಗಟ್ಟಿದ ಊರು ಐದು ಶತಮಾನಗಳ ಮೇಲೆ ಹೀಗೆ ಊರು ಕಳೆದುಕೊಂಡ ಇನ್ನೊಬ್ಬನಿಗೆ ರೊಟ್ಟಿ ಕೊಟ್ಟಿತು.

ಅರ್ತೂಸಿ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, 1891ರಲ್ಲಿ, ಪಾಕಶಾಸ್ತ್ರದ ಪುಸ್ತಕವನ್ನು ಸ್ವಂತ ವೆಚ್ಚದಿಂದ ಅಚ್ಚು ಹಾಕಿಸಿದನು; ಪ್ರಕಾಶಕರು ಮುಟ್ಟಿರಲಿಲ್ಲ. ಹುಟ್ಟಿದೂರಿನ ಜಾತ್ರೆಯ ಲಾಟರಿಗೆಂದು ಎರಡು ಪ್ರತಿಗಳನ್ನು ಕಳುಹಿಸಿದರೆ, ಗೆದ್ದವರು ನಕ್ಕು ಹೊಗೆಸೊಪ್ಪಿನ ಅಂಗಡಿಗೆ ಮಾರಿಬಿಟ್ಟರಂತೆ. ಈ ಅವಮಾನವನ್ನು ಅವನೇ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ಕ್ರಮೇಣ ಪುಸ್ತಕ ಮನೆಮನೆಗೂ ಹೋಯಿತು. ಊರೂರುಗಳ ಗೃಹಿಣಿಯರು ಕಾಗದ ಬರೆದು ತಮ್ಮ ತಮ್ಮ ಪಾಕಗಳನ್ನು ತಿಳಿಸಿದರು. ಮೊದಲ ಮುದ್ರಣದಲ್ಲಿ 475 ಇದ್ದ ಪಾಕಗಳು ಕೊನೆಗೆ 790 ಆದುವು. ಅವುಗಳ ಬರವಣಿಗೆ ಮಾತ್ರ ಫ್ಲಾರೆನ್ಸಿನ ಬಳಕೆಯ ನುಡಿಯಲ್ಲಿ. ಹೊರಗಿನವರಿಗೆ ತಿಳಿಯದೆಂದು ಪುಸ್ತಕದ ಮೊದಲಲ್ಲಿಯೇ ಟಸ್ಕನಿಯ ಪದಗಳಿಗೆ ಅರ್ಥಸಹಿತವಾದ ಒಂದು ಪಟ್ಟಿಯನ್ನು ಕೊಟ್ಟನು. ಕ್ರುಸ್ಕ ಸಭೆಯ ಜರಡಿಯೂ ಫ್ಲಾರೆನ್ಸಿನದೇ, ಅರ್ತೂಸಿಯ ನುಡಿಯೂ ಫ್ಲಾರೆನ್ಸಿನದೇ. ವ್ಯತ್ಯಾಸವಿಷ್ಟೆ: ಸಭೆಯವರು ಸತ್ತವರ ಗ್ರಂಥಗಳನ್ನು ನೋಡಿ ಪದ ಕೊಟ್ಟರು, ಈತನು ಒಲೆಯ ಮುಂದೆ ನಿಂತು, ಬದುಕಿದವರು ಕಳುಹಿಸಿದ್ದನ್ನು ತಿಂದು ನೋಡಿ ಕೊಟ್ಟನು. ರಾಷ್ಟ್ರೈಕ್ಯಕ್ಕೆ ಮಂತ್ಸೋನಿಯ ಮಹಾಕಾದಂಬರಿಗಿಂತ ಈ ಪುಸ್ತಕವೇ ಹೆಚ್ಚು ದುಡಿಯಿತೆಂದು ಕಂಪೊರೇಸಿ ಎಂಬ ವಿಮರ್ಶಕನು 1970ರಲ್ಲಿ ಬರೆದಾಗ ಕೆಲವರಿಗೆ ಅತಿಶಯೋಕ್ತಿಯೆನಿಸಿತು. ಅತಿಶಯೋಕ್ತಿಯಲ್ಲಿಯೂ ಸತ್ಯಾಂಶವಿರಬಹುದು. 1911ರಲ್ಲಿ ಸಾಯುವಾಗ ಅರ್ತೂಸಿ ಪುಸ್ತಕದ ಹಕ್ಕನ್ನು, ಪ್ರತಿಯೊಂದು ಪಾಕವನ್ನೂ ತನ್ನೊಡನೆ ಪರೀಕ್ಷಿಸಿದ ಅಡಿಗೆಯವನಿಗೂ ಮನೆಯ ಪರಿಚಾರಿಕೆಗೂ ಬರೆದುಕೊಟ್ಟನು.

ಆಜ್ಞೆಯಿಂದ ಪದ ಹುಟ್ಟಿಸುವ ಪ್ರಯತ್ನಗಳೂ ಆಮೇಲೆ ನಡೆದುವು. 1930ರ ಡಿಸೆಂಬರ್ 28ರಂದು ಮರಿನೆತ್ತಿ ಎಂಬ ಭವಿಷ್ಯವಾದಿ ಕವಿ ಟ್ಯೂರಿನ್ನಿನ ಪತ್ರಿಕೆಯೊಂದರಲ್ಲಿ ಹೊಸ ಪಾಕದ ಘೋಷಣೆಯನ್ನು ಹೊರಡಿಸಿ, ಶಾವಿಗೆಯಂಥ ಪಾಸ್ತಾ ತಿನ್ನುವುದನ್ನೇ ದೇಶ ಬಿಡಬೇಕೆಂದನು. 'ಕಾಕ್‌ಟೇಲ್' ಎಂಬ ಪರದೇಶದ ಪದಕ್ಕೆ 'ಪೊಲಿಬೀಬಿತ' ಎಂದು ಹೆಸರಿಟ್ಟನು. ಮುಸ್ಸೊಲಿನಿಯ ಸರ್ಕಾರವೂ ವಿದೇಶೀಯ ಪದಗಳನ್ನು ಹೊರಗಟ್ಟಲು ಪಟ್ಟಿಗಳನ್ನು ಮಾಡಿಸಿತು. ಇಂದು ಇಟಲಿಯ ಅಂಗಡಿಗಳಲ್ಲಿ 'ಪೊಲಿಬೀಬಿತ' ಕೇಳುವವನಿಲ್ಲ, ಪಾಸ್ತಾ ಬಿಟ್ಟವನೂ ಇಲ್ಲ. ಆ ಕಾಲದ ಪದಗಳಲ್ಲಿ ಎರಡು ಹೋಳುಗಳ ನಡುವೆ ಪದಾರ್ಥವಿಟ್ಟ ತಿಂಡಿಗೆ ಬಂದ 'ತ್ರಮೆತ್ಸೀನೊ' ಎಂಬುದು ಮಾತ್ರ ಚೆನ್ನಾಗಿ ಬೇರೂರಿತು. ಅದನ್ನು ಟಂಕಿಸಿದವನು ದನ್ನೂನ್ಸಿಯೊ ಕವಿ ಎಂದು ಪ್ರಸಿದ್ಧಿ.

ಈಚಿನ ನಿಯಮ ಮದ್ಯದ ಸೀಸೆಗಳ ಮೇಲೆ ಕಾಣುತ್ತದೆ. ಸಿಹಿಯ ಏರಿಕೆಯನ್ನು ಹೇಳಲು ಇಟಲಿಯವರಲ್ಲಿ ಹಿಂದಿನಿಂದ ನಾಲ್ಕು ಪದಗಳಿವೆ: 'ಸೆಕ್ಕೊ' ಎಂದರೆ ಒಣ, 'ಅಬ್ಬೊಕ್ಕಾತೊ' ಎಂದರೆ ಬಾಯಿಗೊಪ್ಪಿದ್ದು, 'ಅಮಾಬಿಲೆ' ಎಂದರೆ ಪ್ರೀತಿಗೆ ತಕ್ಕದ್ದು, 'ದೋಲ್ಚೆ' ಎಂದರೆ ಸಿಹಿ. ಯೂರೋಪಿನ ಒಕ್ಕೂಟದ ನಿಯಮದಲ್ಲಿ ಇವಕ್ಕೆ ಸಕ್ಕರೆಯ ಲೆಕ್ಕ ಬಿದ್ದಿದೆ. ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂವರೆಗೆ ಮೊದಲನೆಯದು, 12ರವರೆಗೆ ಎರಡನೆಯದು, 45ನ್ನು ಮುಟ್ಟುವವರೆಗೆ ಮೂರನೆಯದು. 45ನ್ನು ಮುಟ್ಟಿತೋ, ಅದು ಪ್ರೀತಿಗೆ ತಕ್ಕದ್ದಲ್ಲ, ಬರಿಯ ಸಿಹಿ. ಸಕ್ಕರೆಯನ್ನು ಹೀಗೆ ಗ್ರಾಮಿನಲ್ಲಿ ಕಟ್ಟಿಹಾಕಿದ ಕಾಲದಲ್ಲಿಯೂ ಇಟಲಿಯ ಪಾಕಪುಸ್ತಕಗಳಲ್ಲಿ ಹಿಟ್ಟು, ಬೆಣ್ಣೆ, ಮೊಟ್ಟೆಗಳಿಗೆ ತೂಕವೋ ಎಣಿಕೆಯೋ ಕೊಟ್ಟು, ಉಪ್ಪಿನ ಮುಂದೆ ಮಾತ್ರ ಸಾಮಾನ್ಯವಾಗಿ 'ಕು. ಬಿ.' ಎಂಬ ಎರಡು ಅಕ್ಷರಗಳನ್ನು ಅಚ್ಚು ಹಾಕುತ್ತಾರೆ. 'ಕ್ವಾಂತೊ ಬಾಸ್ತ', ಎಂದರೆ ಸಾಕಾಗುವಷ್ಟು ಎಂಬುದರ ಸಂಕ್ಷೇಪ ಅದು.